ಹಳೇ ಗ್ಯಾಲಕ್ಸಿಗೆ ಹೊಸ ಗಾಲಿ

27 ಇಂಚಿನ ಸೈಕಲ್ ಟೈರು ಈಗ ಇಂಗ್ಲೆಂಡಿನಲ್ಲೂ ಕೇಳಿದ ತಕ್ಷಣ ಸಿಗುವುದಿಲ್ಲ. ಒಂದೆರಡು ಕಂಪನಿಗಳು ಇನ್ನೂ ಮಾಡುತ್ತವೆ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಆದರೆ ಟೂರಿಂಗ್ ಸೈಕಲ್ಲಿನ ಟೈರು ಹರಿಯುವುದು ಮನೆಯ ಬಾಗಿಲಲ್ಲಿ ಅಲ್ಲ. ಎರಡು ಬೆಟ್ಟದ ನಡುವಿನ ಯಾವುದೋ ಹಳ್ಳಿಯಲ್ಲಿ, ಮಳೆ ಹಿಡಿದಾಗ, ಬ್ಯಾಗು ತುಂಬಿರುವಾಗ ಹರಿಯುತ್ತದೆ. ಅಲ್ಲಿನ ಅಂಗಡಿಯವರು ಅಳತೆ ಕೇಳಿ ತಲೆಯಾಡಿಸಿದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಎಪ್ಪತ್ತರ ದಶಕದ ಕೊನೆಯ ನನ್ನ ಡಾಸ್ ಗ್ಯಾಲಕ್ಸಿ ಟೂರಿಂಗ್ ಸೈಕಲ್ಲಿನಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಅನ್ನುವ ಲೆಕ್ಕವೆಲ್ಲ ಈ ಟೈರಿನಿಂದಲೇ ಶುರುವಾಯಿತು. ಆಮೇಲೆ ಒಂದೊಂದು ಸಾಮಾನು ಕೈಗೆತ್ತಿಕೊಂಡಾಗಲೂ ಅದೇ ಪ್ರಶ್ನೆ ಕೇಳಿಕೊಂಡೆ. ಇದು ದಾರಿಯಲ್ಲಿ ಕೆಟ್ಟರೆ, ಕೆಟ್ಟ ಊರಲ್ಲೇ ಸಿಗುತ್ತದೆಯೇ?

ಇಂಗ್ಲೆಂಡಿನ ಸೈಕಲ್ ಪ್ರವಾಸಿಗರಿಗೆ ಗ್ಯಾಲಕ್ಸಿ ಹೊಸ ಹೆಸರಲ್ಲ. ಡಾಸ್ 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಕಂಪನಿ, ಗ್ಯಾಲಕ್ಸಿ ಬಂದಿದ್ದು 1971ರಲ್ಲಿ. ಅದಕ್ಕೂ ಮುಂಚೆ ಒಳ್ಳೆಯ ಟೂರಿಂಗ್ ಸೈಕಲ್ ಬೇಕೆಂದರೆ ಹೆಚ್ಚಿನವರು ಫ್ರೇಮ್ ಕಟ್ಟುವವನ ಹತ್ತಿರ ಹೋಗಿ ಅಳತೆ ಕೊಟ್ಟು, ಮುಂಗಡ ಕೊಟ್ಟು, ತಿಂಗಳುಗಟ್ಟಲೆ ಕಾಯುತ್ತಿದ್ದರು. ಗ್ಯಾಲಕ್ಸಿಯನ್ನು ಮಾತ್ರ ಸಾಮಾನ್ಯ ಸಂಬಳದವರೂ ಅಂಗಡಿಗೆ ಹೋಗಿ ಕೊಂಡು ಅದೇ ದಿನ ಹತ್ತಿಕೊಂಡು ಬರಬಹುದಿತ್ತು. ಮಡ್‌ಗಾರ್ಡು, ಹಿಂದೆ ಕ್ಯಾರಿಯರ್, ಬಾಗಿದ ಹ್ಯಾಂಡಲ್, ಹತ್ತು ಗೇರು, ಉದ್ದನೆಯ ಫ್ರೇಮು. ಇಲ್ಲಿ ಸೈಕಲ್ ಪ್ರವಾಸಕ್ಕೆ ದೊಡ್ಡ ಚರಿತ್ರೆಯೇ ಇದೆ. ಪ್ರವಾಸಿ ಸೈಕಲ್ ಸವಾರರ ಸಂಘ ಹುಟ್ಟಿದ್ದು 1878ರಲ್ಲಿ, ದೊಡ್ಡ ಮುಂಗಾಲಿಯ ಪೆನ್ನಿ ಫಾರ್ದಿಂಗ್ ಕಾಲದಲ್ಲಿ. ಅದೇ ಸಂಘ ಇವತ್ತು ಸೈಕ್ಲಿಂಗ್ ಯುಕೆ ಅನ್ನುವ ಹೆಸರಲ್ಲಿದೆ.

ನಾನಿರುವುದು ಶೆಫೀಲ್ಡ್‌ನಲ್ಲಿ. ಊರು ದಾಟಿ ಪಶ್ಚಿಮಕ್ಕೆ ಹೊರಟರೆ ಪೀಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳು ಶುರು. ಈ ಸೈಕಲ್ ಸಿಕ್ಕಿದ್ದು ಊರ ಅಂಚಿನ ಒಂದು ಮನೆಯ ಗ್ಯಾರೇಜಿನಲ್ಲಿ. ಒಡೆಯರಿಗೆ ಮಂಡಿ ನೋವು ಬಂದು ಹತ್ತುವುದು ಬಿಟ್ಟು ಬಹಳ ವರ್ಷವಾಗಿತ್ತು. ಬೆಲೆ ಹೆಚ್ಚು ಹೇಳಲಿಲ್ಲ. "ಗೋಡೆಗೆ ನೇತುಹಾಕಬೇಡಮ್ಮ, ಓಡಿಸು" ಅಂತ ಮಾತ್ರ ಹೇಳಿದರು. ನನಗೂ ಗೋಡೆಯ ಮೇಲಿನ ಸೈಕಲ್ಲಿನಲ್ಲಿ ಆಸಕ್ತಿಯಿಲ್ಲ. 1978ರಲ್ಲಿ ಹೇಗಿತ್ತೋ ಹಾಗೇ ಇರಬೇಕೆಂದು ಅದೇ ಕಾಲದ ಬ್ರೇಕ್ ಲಿವರ್, ಅದೇ ಕಾಲದ ಪೆಡಲ್ ಹುಡುಕಿ ವರ್ಷಗಟ್ಟಲೆ ಅಲೆಯುವವರ ತಾಳ್ಮೆಯನ್ನು ನಾನು ಗೌರವಿಸುತ್ತೇನೆ. ಅವರಿಲ್ಲದಿದ್ದರೆ ಆ ಕಾಲದ ಕೆಲಸ ಹೇಗಿತ್ತೆಂದು ನೋಡುವುದಕ್ಕೂ ನಮಗೆ ಸಿಗುತ್ತಿರಲಿಲ್ಲ. ಆದರೆ ಇದು ಹೊರೆ ಹೊತ್ತು ದೂರ ಹೋಗಲೆಂದೇ ಮಾಡಿದ ಗಾಡಿ. ಅದು ದೂರ ಹೋಗುವಂತಿದ್ದರೆ ಮಾತ್ರ ರಿಪೇರಿಯಾಗಿದೆ ಅನ್ನಬೇಕು.

ಫ್ರೇಮಿನ ಸೀಟ್ ಕೊಳವೆಯ ಮೇಲೆ ಅರ್ಧ ಅಳಿಸಿಹೋದ ಒಂದು ಸ್ಟಿಕ್ಕರ್ ಇದೆ: ರೆನಾಲ್ಡ್ಸ್ 531. ಹಳೇ ಸೈಕಲ್ ಹುಚ್ಚಿನವರು ಮೊದಲು ಬಗ್ಗಿ ನೋಡುವುದು ಇದನ್ನೇ. ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆಸಿದ ಈ ಉಕ್ಕಿನ ಕೊಳವೆ ಬಂದಿದ್ದು 1935ರಲ್ಲಿ. ಅದರ ಹಿಂದಿನ ಜಾಣತನ ಇನ್ನೂ ಹಳೆಯದು. ಫ್ರೇಮಿನ ಕೊಳವೆಗಳನ್ನು ಹಿತ್ತಾಳೆ ಕರಗಿಸಿ ಬೆಸೆಯುವಾಗ ಶಾಖಕ್ಕೆ ಕೊಳವೆಯ ತುದಿ ಮೆತ್ತಗಾಗುತ್ತದೆ. ಅದಕ್ಕಾಗಿ ಇಡೀ ಕೊಳವೆಯನ್ನು ದಪ್ಪ ಮಾಡಿದರೆ ಸೈಕಲ್ ಭಾರವಾಗುತ್ತದೆ. ತುದಿಯನ್ನು ಮಾತ್ರ ಒಳಗಿನಿಂದ ದಪ್ಪ ಬಿಟ್ಟು ನಡುಭಾಗ ತೆಳ್ಳಗೆ ಎಳೆದರೆ ಬಲವೂ ಉಳಿಯುತ್ತದೆ, ತೂಕವೂ ಇಳಿಯುತ್ತದೆ. ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಇದಕ್ಕೆ ಪೇಟೆಂಟ್ ಪಡೆದಿದ್ದು 1897ರಲ್ಲಿ. ಮೊಳೆ ಮಾಡುತ್ತಿದ್ದ ಮನೆತನ ಅದು. ಸ್ಟಿಕ್ಕರಿನ ಮೇಲಿನ ಸಣ್ಣ ಅಕ್ಷರವನ್ನೂ ಓದಬೇಕು. ಇಡೀ ಫ್ರೇಮು 531 ಆಗಿದ್ದರೆ ಒಂದು ಥರದ ಸ್ಟಿಕ್ಕರ್, ಮೂರು ಮುಖ್ಯ ಕೊಳವೆ ಮಾತ್ರ ಆಗಿದ್ದರೆ ಇನ್ನೊಂದು. ನನ್ನದು ಎರಡನೆಯದು. ನನಗೆ ಅಷ್ಟು ಸಾಕು.

ಈ ರೆನಾಲ್ಡ್ಸ್ ಕಂಪನಿಯ ಜಾತಕ ನೋಡುತ್ತಾ ಹೋದಾಗ ಕಡೂರು ಎದುರಾಯಿತು. 1928ರಲ್ಲಿ ರೆನಾಲ್ಡ್ಸ್ ಸೇರಿಕೊಂಡಿದ್ದು ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಅನ್ನುವ ದೊಡ್ಡ ಗುಂಪಿಗೆ, ಚಿಕ್ಕದಾಗಿ ಟಿ.ಐ. ಬರ್ಮಿಂಗ್‌ಹ್ಯಾಮ್‌ನ ಹರ್ಕ್ಯುಲಿಸ್ ಸೈಕಲ್ ಕೂಡ ಮುಂದೆ ಇದೇ ಗುಂಪಿಗೆ ಬಂತು. ಇದೇ ಟಿ.ಐ. ಮದ್ರಾಸಿನ ಮುರುಗಪ್ಪ ಮನೆತನದ ಜೊತೆ ಕೈಜೋಡಿಸಿ 1949ರಲ್ಲಿ ಟಿ.ಐ. ಸೈಕಲ್ಸ್ ಆಫ್ ಇಂಡಿಯಾ ಶುರುಮಾಡಿತು. ಅಂಬತ್ತೂರಿನ ಆ ಕಾರ್ಖಾನೆಯಿಂದ ಬಂದ ಹರ್ಕ್ಯುಲಿಸ್ ಸೈಕಲ್ಲುಗಳ ಮೇಲೆ ನಮ್ಮ ಜಿಲ್ಲೆಯ ಹಾಲು, ಸೊಪ್ಪು, ಪೋಸ್ಟು, ಮೇಷ್ಟ್ರು ಎಲ್ಲ ಓಡಾಡಿದ್ದಾರೆ. ಕಡೂರಿನಲ್ಲಿ ನನ್ನ ಚಿಕ್ಕಪ್ಪನದು ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿ. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ನಂಬರ್ ಬರೆದಿದ್ದ ಸೈಕಲ್ಲುಗಳಲ್ಲಿ ಮುಕ್ಕಾಲು ಪಾಲು ಹರ್ಕ್ಯುಲಿಸ್. ಬೇಸಿಗೆ ರಜೆಯಲ್ಲಿ ನಾನು ಅಲ್ಲಿ ಅಲ್ಯೂಮಿನಿಯಂ ತಟ್ಟೆಗೆ ಸೀಮೆಎಣ್ಣೆ ಸುರಿದು ಬೇರಿಂಗಿನ ಬಾಲ್ಸ್ ತೊಳೆಯುತ್ತಿದ್ದೆ. ಹಿಂದಿನ ಗಾಲಿಯ ನಡುವಿನ ಹಬ್ಬಿಗೆ ಕಾಲಿಂಚಿನ ಬಾಲು, ಒಂದೊಂದು ಕಡೆಗೆ ಒಂಬತ್ತು. ಶೆಫೀಲ್ಡಿನಲ್ಲಿ ಗ್ಯಾಲಕ್ಸಿಯ ಹಿಂದಿನ ಹಬ್ ಬಿಚ್ಚಿದಾಗಲೂ ಕಾಲಿಂಚಿನ ಬಾಲು, ಒಂದೊಂದು ಕಡೆಗೆ ಒಂಬತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ಮತ್ತೆ? ಬಾಲ್ಸಿಗೇನು ದೇಶ ಪುಟ್ಟಿ" ಅಂದ.

ಬಿಚ್ಚುವ ಕೆಲಸದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿದ್ದು ಸೀಟಿನ ಕಂಬಿ. ಅದು ಅಲ್ಯೂಮಿನಿಯಂ, ಅದರ ಸುತ್ತಲಿನ ಕೊಳವೆ ಉಕ್ಕು. ಎರಡು ಬೇರೆ ಲೋಹಗಳ ನಡುವೆ ಮಳೆನೀರು ಇಳಿದು ವರ್ಷಗಟ್ಟಲೆ ನಿಂತರೆ ಅಲ್ಯೂಮಿನಿಯಂ ನಿಧಾನವಾಗಿ ತಿಂದುಹೋಗಿ ಬಿಳೀ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಕಂಬಿಯನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಸುತ್ತಿಗೆಯಿಂದ ಹೊಡೆದರೆ ಫ್ರೇಮು ಹಾಳು. ಕಾಯಿಸಿದರೆ ಕೆಲವೊಮ್ಮೆ ಹಿಡಿತ ಬಿಡುತ್ತದೆ, ಆದರೆ ಪೇಂಟು ಹೋಗುತ್ತದೆ. ಅಲ್ಲದೆ ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವುದರಿಂದ ಕಂಬಿ ಇನ್ನೂ ಬಿಗಿಯಾಗಬಹುದು. ಅದೇ ಗುಣವನ್ನು ಉಲ್ಟಾ ಬಳಸಿಕೊಳ್ಳಬಹುದು. ತಣ್ಣಗೆ ಮಾಡಿದರೆ ಅಲ್ಯೂಮಿನಿಯಂ ಎರಡರಷ್ಟು ಕುಗ್ಗುತ್ತದೆ.

ಫ್ರೇಮನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಪೆಡಲ್ಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ತೂತಿನಿಂದ ಒಳಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ದಿನಾ ಸಂಜೆ ಕೆಲಸದಿಂದ ಬಂದು ಇನ್ನಷ್ಟು ಬಿಡುವುದು, ಮಾರನೆಯ ದಿನಕ್ಕೆ ಬಿಡುವುದು. ಒಂದು ಶನಿವಾರ ಇಲ್ಲಿನ ಸಾರ್ವಜನಿಕ ರಿಪೇರಿ ಶೆಡ್ಡಿಗೆ ಹೊತ್ತುಕೊಂಡು ಹೋಗಿ ಕಂಬಿಯ ತಲೆಯನ್ನು ದೊಡ್ಡ ವೈಸಿನ ಬಾಯಿಗೆ ಕಚ್ಚಿಸಿದೆವು. ಕಂಬಿಯ ಮೇಲೆ ಹಿಮ ಕಟ್ಟುವಷ್ಟು ತಣ್ಣನೆಯ ಸ್ಪ್ರೇ ಹೊಡೆದು, ಇಬ್ಬರು ಫ್ರೇಮಿನ ಎರಡು ತುದಿ ಹಿಡಿದು, ಫ್ರೇಮನ್ನೇ ಸನ್ನೆಯಂತೆ ತಿರುಗಿಸಿದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಮರದ ಗಂಟು ಸೀಳಿದಂಥ ಒಂದು ಸದ್ದು ಬಂತು, ಫ್ರೇಮು ಕೂದಲೆಳೆಯಷ್ಟು ಅಲುಗಿತು. ಅಲ್ಲಿಂದ ಹಿಂದೆ ಮುಂದೆ, ಹಿಂದೆ ಮುಂದೆ. ಹೊರಬಂದ ಕಂಬಿಯ ಕೆಳಗಿನ ಭಾಗ ಪೂರ್ತಿ ಬಿಳಿಚಿ, ಗುಳಿ ಗುಳಿಯಾಗಿತ್ತು. ಹೊಸ ಕಂಬಿಗೆ ಧಾರಾಳವಾಗಿ ಗ್ರೀಸ್ ಬಳಿದಿದ್ದೇನೆ. ಹಳೇ ಸೈಕಲ್ ಇಟ್ಟುಕೊಂಡವರಿಗೆ ನನ್ನದೊಂದು ವಿನಂತಿ. ವರ್ಷಕ್ಕೊಮ್ಮೆ ಸೀಟಿನ ಕಂಬಿ ಎಳೆದು, ಒರೆಸಿ, ಗ್ರೀಸ್ ಹಚ್ಚಿ ವಾಪಸ್ ಹಾಕಿ. ಅರ್ಧ ಗಂಟೆಯೂ ಬೇಡ.

ಇನ್ನು ಗಾಲಿ. 27 ಇಂಚಿನ ಗಾಲಿಯಲ್ಲಿ ಟೈರು ಕೂರುವ ಅಂಚಿನ ವ್ಯಾಸ 630 ಮಿಲಿಮೀಟರ್. ಈಗ ರೋಡ್ ಸೈಕಲ್ಲು, ಹೈಬ್ರಿಡ್ ಸೈಕಲ್ಲುಗಳಲ್ಲಿ ಬರುವ 700ಸಿ ಗಾಲಿಯಲ್ಲಿ ಅದು 622. ಬರೀ ಎಂಟು ಮಿಲಿಮೀಟರ್ ವ್ಯತ್ಯಾಸ. ನಮ್ಮೂರ ಹರ್ಕ್ಯುಲಿಸ್ಸಿನ 28 ಇಂಚಿನ ಗಾಲಿಯಲ್ಲಿ ಅದು 635. ಅಂದರೆ 28 ಇಂಚೆಂದು ಕರೆಸಿಕೊಂಡ ಗಾಲಿಗೂ 27 ಇಂಚಿನ ಗಾಲಿಗೂ ಐದೇ ಮಿಲಿಮೀಟರ್ ಅಂತರ, ಆದರೂ ಒಂದರ ಟೈರು ಇನ್ನೊಂದಕ್ಕೆ ಕೂರದು. 700ಸಿ ಟೈರು ಜಗತ್ತಿನ ಎಲ್ಲ ಕಡೆ ಸಿಗುತ್ತದೆ. ಹೈಬ್ರಿಡ್ ಸೈಕಲ್ಲುಗಳ ದೆಸೆಯಿಂದ ಈಗ ಚಿಕ್ಕಮಗಳೂರಿನಲ್ಲೂ ಸಿಗುತ್ತದೆ. ಹೀಗಾಗಿ 700ಸಿ ಅಂತ ತೀರ್ಮಾನವಾಯಿತು. ಗಾಲಿ ಚಿಕ್ಕದಾದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಸುತ್ತಲೂ ನಾಲ್ಕು ಮಿಲಿಮೀಟರ್ ಜಾಗ ಬಿಟ್ಟುಕೊಂಡಿತು. ಮುಂಚೆ ಮಡ್‌ಗಾರ್ಡಿನ ಕೆಳಗೆ 32 ಮಿಲಿಮೀಟರ್ ಟೈರು ಕಷ್ಟಪಟ್ಟು ತೂರುತ್ತಿದ್ದಲ್ಲಿ ಈಗ 35 ಆರಾಮಾಗಿ ಕೂರುತ್ತದೆ. ಹೊರೆ ಹೊತ್ತು ಕಲ್ಲುದಾರಿಯಲ್ಲಿ ಹೋಗುವವರಿಗೆ ಈ ಮೂರು ಮಿಲಿಮೀಟರ್ ಬೆಲೆ ಗೊತ್ತು.

ಆದರೆ ಹೊಸ ಹಿಂದಿನ ಹಬ್ ಹಳೇ ಫ್ರೇಮಿನಲ್ಲಿ ಕೂರುವುದಿಲ್ಲ. ಐದು ಹಲ್ಲುಚಕ್ರದ ಕಾಲದಲ್ಲಿ ಹಿಂದಿನ ಫೋರ್ಕಿನ ಎರಡು ತುದಿಗಳ ನಡುವೆ 120 ಮಿಲಿಮೀಟರ್ ಜಾಗ. ಎಂಟು ಹಲ್ಲುಚಕ್ರಗಳ ಗುಚ್ಛ, ಅಂದರೆ ಕ್ಯಾಸೆಟ್, ಕೂರುವ ಹಬ್ಬಿಗೆ 130 ಬೇಕು. ಹಳೆಯದನ್ನೇ ಯಾಕೆ ಇಟ್ಟುಕೊಳ್ಳಬಾರದು ಅಂತ ಕೇಳಬಹುದು. ಹಲ್ಲುಚಕ್ರಗಳ ಫ್ರೀವೀಲನ್ನು ತಿರುಗಿಸಿ ಕೂರಿಸುವ ಹಳೇ ಹಬ್ಬಿನಲ್ಲಿ ಚೈನಿನ ಕಡೆಯ ಬೇರಿಂಗು ಫ್ರೀವೀಲಿನ ಒಳಗಡೆ, ಆಕ್ಸಲ್ಲಿನ ತುದಿಯಿಂದ ದೂರದಲ್ಲಿರುತ್ತದೆ. ಆ ಕಡೆ ಆಕ್ಸಲ್ಲಿನ ಉದ್ದನೆಯ ತುಂಡು ಆಸರೆಯಿಲ್ಲದೆ ಚಾಚಿಕೊಂಡು, ಹೊರೆ ಬಿದ್ದಾಗ ಅಲ್ಲಿ ಬಾಗುತ್ತದೆ, ಕೊನೆಗೆ ಮುರಿಯುತ್ತದೆ. ಜಪಾನಿನ ಶಿಮಾನೊ ಕಂಪನಿ 1978ರಲ್ಲಿ ತಂದ ಫ್ರೀಹಬ್ಬಿನಲ್ಲಿ ಬೇರಿಂಗು ಹೊರತುದಿಗೆ ಸರಿಯಿತು. ಟೂರಿಂಗ್ ಸೈಕಲ್ಲಿಗೆ ಈ ಐವತ್ತು ವರ್ಷಗಳಲ್ಲಿ ಬಂದ ಸುಧಾರಣೆಗಳಲ್ಲಿ ನಾನು ಇದನ್ನೇ ದೊಡ್ಡದೆನ್ನುತ್ತೇನೆ, ಗೇರಿನ ಸಂಖ್ಯೆಯನ್ನಲ್ಲ.

ಒಂದು ಅಂಗಡಿಯವರು ಫ್ರೇಮು ಅಗಲಿಸುವ ಕೆಲಸ ತಾವು ಮಾಡುವುದಿಲ್ಲ, ಹೊಸ ಸೈಕಲ್ ನೋಡಿ ಅಂದರು. ಉಕ್ಕಿನ ಫ್ರೇಮಾದ್ದರಿಂದ ಇದು ಸಾಧ್ಯ, ಅಲ್ಯೂಮಿನಿಯಂ ಫ್ರೇಮಿಗೆ ಮಾಡಲೇಬಾರದು. ಚಿಕ್ಕಪ್ಪನಿಗೆ ವಿಡಿಯೊ ಕಾಲ್ ಹಚ್ಚಿದೆ. ಅವನು ಗೇರ್ ಸೈಕಲ್ ಹೆಚ್ಚು ಮುಟ್ಟಿದವನಲ್ಲ, ಆದರೆ ಬಗ್ಗಿದ ಫೋರ್ಕು ನೆಟ್ಟಗೆ ಮಾಡುತ್ತಲೇ ಆಯುಷ್ಯ ಕಳೆದವನು. "ನಡುವೆ ಬೋಲ್ಟ್ ಇಟ್ಟು ನಟ್ಟು ತಿರುಗಿಸಿ ಅಗಲಿಸ್ಬೇಡ ಪುಟ್ಟಿ. ಎರಡೂ ಕಡೆ ಒಂದೇ ಸಮ ಬರಲ್ಲ. ಯಾವ್ದು ಮೆತ್ತಗಿರ್ತದೋ ಅದೊಂದೇ ಓಡೋಗ್ತದೆ. ಒಂದೊಂದು ಕಡೆ ಬೇರೆ ಬೇರೆ ಒತ್ತು, ಒತ್ತಿದ್ದು ಅಳ್ಕೊ, ಮತ್ತೆ ಒತ್ತು" ಅಂದ. ಅವನ ಮಾತು ಸರಿ. ಚೈನಿನ ಕಡೆಯ ಕೊಳವೆಯನ್ನು ಹಲ್ಲುಚಕ್ರಕ್ಕೆ ಜಾಗ ಬಿಡಲೆಂದು ಚಪ್ಪಟೆ ಮಾಡಿರುತ್ತಾರೆ, ಎರಡು ಕೊಳವೆಗಳ ಬಿಗಿ ಒಂದೇ ಇರುವುದಿಲ್ಲ.

ಅಳತೆಗೆ ಬೇಕಾಗುವುದು ಒಂದು ಗಟ್ಟಿ ದಾರ. ಹಿಂದಿನ ಒಂದು ತುದಿಗೆ ದಾರ ಕಟ್ಟಿ, ಮುಂದಿನ ಹ್ಯಾಂಡಲ್ ಕೊಳವೆಯ ಸುತ್ತ ಒಂದು ಸುತ್ತು ತಂದು, ಹಿಂದಿನ ಇನ್ನೊಂದು ತುದಿಗೆ ಬಿಗಿದು ಕಟ್ಟುವುದು. ಆಮೇಲೆ ಸೀಟ್ ಕೊಳವೆಗೂ ದಾರಕ್ಕೂ ನಡುವಿನ ಸಂದು ಎರಡೂ ಕಡೆ ಅಳೆಯುವುದು. ಎರಡೂ ಸಮವಿದ್ದರೆ ಫ್ರೇಮು ನೆಟ್ಟಗಿದೆ. ದಪ್ಪ ಮರದ ಪಟ್ಟಿಯೊಂದನ್ನು ಸನ್ನೆ ಮಾಡಿಕೊಂಡು ಒತ್ತಿದೆ. ಉಕ್ಕು ಸುಲಭಕ್ಕೆ ಒಪ್ಪುವುದಿಲ್ಲ. ಒಂದು ಬೆರಳಗಲ ಒತ್ತಿ ಕೈಬಿಟ್ಟರೆ ಪೂರ್ತಿ ವಾಪಸ್ ಬರುತ್ತದೆ. ಇನ್ನೂ ಹೆಚ್ಚು ಒತ್ತಿದರೂ ವಾಪಸ್. ಎಲ್ಲೋ ಒಂದು ಕಡೆ, ಕೈಗೆ ಮಾತ್ರ ತಿಳಿಯುವಂತೆ, ಅದು ಸೋಲುತ್ತದೆ. ದಾರ ಕಟ್ಟಿ ಅಳೆದರೆ ಒಂದು ಮಿಲಿಮೀಟರ್ ಉಳಿದುಕೊಂಡಿರುತ್ತದೆ. ಹಾಗೇ ಒಂದೊಂದು ಕಡೆ ಐದು ಮಿಲಿಮೀಟರ್. ಕೊನೆಯಲ್ಲಿ ಆಕ್ಸಲ್ ಕೂರುವ ಎರಡು ತುಟಿಗಳನ್ನು ಒಂದಕ್ಕೊಂದು ಸಮಾನಾಂತರ ಮಾಡಬೇಕು. ಅದಕ್ಕೆಂದೇ ಇರುವ ಜೋಡಿ ಉಪಕರಣ ರಿಪೇರಿ ಶೆಡ್ಡಿನಲ್ಲಿತ್ತು. ಈ ಕೆಲಸ ಬಿಟ್ಟರೆ ಹೊಸ ಹಬ್ಬಿನ ಆಕ್ಸಲ್ ಕೂಡ ಸೊಟ್ಟ ಹೊರೆಗೆ ಬಾಗುತ್ತದೆ. ನಾಲ್ಕು ದಶಕ ದಾಟಿದ ಫ್ರೇಮು ಕೈಬಲಕ್ಕೆ ಹೊಸ ಅಳತೆಗೆ ಬಂದು, ಬಂದಲ್ಲೇ ನಿಂತಿತು. ಈ ಲೋಹದ ಮೇಲೆ ನನಗೆ ಆ ಮಧ್ಯಾಹ್ನ ಹುಟ್ಟಿದ ಗೌರವ ಹೇಳಿ ಮುಗಿಯುವಂಥದ್ದಲ್ಲ.

ಗಾಲಿಯನ್ನು ನಾನೇ ಕಟ್ಟಿದೆ. ಹಿಂದಕ್ಕೆ 36 ಕಡ್ಡಿ, ಒಂದೊಂದು ಕಡ್ಡಿ ಮೂರು ಕಡ್ಡಿಗಳನ್ನು ದಾಟಿ ಹೋಗುವ ಹೆಣಿಗೆ. ಈಚಿನ ಹಗುರ ಗಾಲಿಗಳಲ್ಲಿ ಕಡ್ಡಿ ಇಪ್ಪತ್ತೋ ಇಪ್ಪತ್ನಾಲ್ಕೋ ಇರುತ್ತವೆ. ಅಂಥದ್ದರಲ್ಲಿ ಒಂದು ಮುರಿದರೆ ರಿಮ್ಮು ಬ್ರೇಕಿಗೆ ತಾಗುವಷ್ಟು ಬಳುಕುತ್ತದೆ. 36ರಲ್ಲಿ ಒಂದು ಹೋದರೆ ಅಕ್ಕಪಕ್ಕದ್ದನ್ನು ಸ್ವಲ್ಪ ಸಡಿಲ, ಸ್ವಲ್ಪ ಬಿಗಿ ಮಾಡಿ ಊರು ಮುಟ್ಟಬಹುದು. ಬೆಂಡ್ ತೆಗೆಯುವುದು ನನಗೆ ಕಡೂರಿನಲ್ಲೇ ಬಂದ ವಿದ್ಯೆ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಗಾಲಿ ತಿರುಗಿಸಿ, ಫೋರ್ಕಿಗೆ ಒತ್ತಿ ಹಿಡಿದ ಸೀಮೆಸುಣ್ಣ ಎಲ್ಲಿ ಗೀರುತ್ತದೋ ಅಲ್ಲಿ ಎದುರು ಬದಿಯ ಕಡ್ಡಿ ಬಿಗಿ ಮಾಡುವುದು. ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಹಿಂಡಿ, ಬೆರಳಿನಿಂದ ಮೀಟಿ, ಒಂದು ಬದಿಯವೆಲ್ಲ ಒಂದೇ ಸ್ವರ ಕೊಡುವ ತನಕ ನಡೆಸುವುದು. ಇಲ್ಲಿ ಅದಕ್ಕೆ ಗೇಜು, ಸ್ಟ್ಯಾಂಡು ಎಲ್ಲ ಇದೆ. ಗೇಜಿಟ್ಟು ನೋಡಿದಾಗ ಕಿವಿಯ ಲೆಕ್ಕ ಹೆಚ್ಚು ತಪ್ಪಿರಲಿಲ್ಲ.

ಬ್ರೇಕನ್ನು ಬದಲಿಸಲಿಲ್ಲ. ಕೇಬಲ್ಲು ನಡುವಿನಿಂದ ಎಳೆಯುವ ಹಳೇ ವೈನ್‌ಮನ್ ಸೆಂಟರ್-ಪುಲ್ ಬ್ರೇಕು ಒಳ್ಳೆಯ ಕೆಲಸ. ರಿಮ್ಮು ನಾಲ್ಕು ಮಿಲಿಮೀಟರ್ ಕೆಳಗೆ ಹೋದದ್ದಕ್ಕೆ ರಬ್ಬರು ಕೂಡ ಸೀಳಿನಲ್ಲಿ ಅಷ್ಟು ಕೆಳಗೆ ಇಳಿಯಬೇಕಿತ್ತು, ಇಳಿಯಿತು. ಇಳಿಯದಿದ್ದರೆ ಉದ್ದ ತೋಳಿನ ಟೆಕ್ಟ್ರೊ ಕಂಪನಿಯ ಡ್ಯುಯಲ್ ಪಿವಟ್ ಬ್ರೇಕು ಹಾಕುತ್ತಿದ್ದೆ, 55ರಿಂದ 73 ಮಿಲಿಮೀಟರ್‌ವರೆಗೆ ತಲುಪುವಂಥದ್ದು ಸಿಗುತ್ತದೆ. ರಬ್ಬರು, ಕೇಬಲ್ಲು, ಲಿವರು ಮಾತ್ರ ಹೊಸವು. ಎಪ್ಪತ್ತರ ದಶಕದಲ್ಲಿ ಹ್ಯಾಂಡಲ್ಲಿನ ಮೇಲ್ಭಾಗದಿಂದಲೂ ಹಿಡಿಯಲಿ ಎಂದು ಲಿವರಿಗೆ ಒಂದು ಹೆಚ್ಚುವರಿ ಬಾಲ ಸೇರಿಸುತ್ತಿದ್ದರು. ಅದು ಎಷ್ಟು ಒತ್ತಿದರೂ ಪೂರ್ತಿ ಬ್ರೇಕ್ ಹಿಡಿಯುವುದಿಲ್ಲ, ಆದರೂ ಹಿಡಿಯುತ್ತದೆಂಬ ಭರವಸೆ ಕೊಡುತ್ತದೆ. ನಿಮ್ಮ ಹಳೇ ಸೈಕಲ್ಲಿನಲ್ಲಿ ಅದಿದ್ದರೆ ಬಿಚ್ಚಿ ಹಾಕಿ, ದಯವಿಟ್ಟು.

ಗೇರಿನ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಆ ಕಾಲದ ಹತ್ತು ಗೇರಿನ ಸೈಕಲ್ಲುಗಳು ರೇಸಿನವರನ್ನು ನೋಡಿ ಮಾಡಿದಂಥವು. ನನ್ನದರಲ್ಲಿ ಮುಂದಿನ ಚಿಕ್ಕ ಚಕ್ರಕ್ಕೆ 40 ಹಲ್ಲು, ಹಿಂದಿನ ದೊಡ್ಡದಕ್ಕೆ 28. ಅಂದರೆ ಅತಿ ಹಗುರ ಗೇರಿನಲ್ಲೂ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ಲು ಮೂರು ಮೀಟರಿಗಿಂತ ಸ್ವಲ್ಪ ಹೆಚ್ಚು ಮುಂದೆ ಹೋಗಲೇಬೇಕು. ಕ್ಯಾಸಲ್ಟನ್ ಪಕ್ಕದ ವಿನಟ್ಸ್ ಪಾಸ್ ಏರು ಶೇ. 20ನ್ನೂ ಮೀರುತ್ತದೆ. ಬ್ಯಾಗು ತುಂಬಿಕೊಂಡು ಅಲ್ಲಿ ಆ ಗೇರಿನಲ್ಲಿ ಹತ್ತುವುದು ಮಂಡಿಗೆ ಮಾಡುವ ದ್ರೋಹ. ಈ ಸೈಕಲ್ಲಿನ ಹಿಂದಿನ ಒಡೆಯರ ಮಂಡಿಯ ನೆನಪೂ ನನಗಿತ್ತು. ಈಗ ಮುಂದೆ 48, 36, 26ರ ಮೂರು ಚಕ್ರ, ಹಿಂದೆ ಅತಿ ದೊಡ್ಡದಕ್ಕೆ 32 ಹಲ್ಲು. ಅತಿ ಹಗುರ ಗೇರಿನಲ್ಲಿ ಒಂದು ಸುತ್ತಿಗೆ ಒಂದೂಮುಕ್ಕಾಲು ಮೀಟರ್. ನಿಧಾನ ಹೌದು, ಆದರೆ ಕೂತೇ ಹತ್ತಬಹುದು, ಹೂವು ಗಿಡ ನೋಡಿಕೊಂಡು ಹತ್ತಬಹುದು.

ಗೇರು ಬದಲಿಸುವ ಲಿವರು ಹ್ಯಾಂಡಲ್ಲಿನ ಎರಡು ತುದಿಗಳಲ್ಲಿ ಕೂರುವ ಡಯಾ-ಕಾಂಪ್ ಲಿವರು. ಹೊಸ ಮಾಲು, ಹಳೇ ವಿಧಾನ. 1984ರಲ್ಲಿ ಶಿಮಾನೊ ಎಸ್‌ಐಎಸ್ ಅನ್ನುವ ಗೇರು ವ್ಯವಸ್ಥೆ ತಂದ ಮೇಲೆ ಲಿವರು ಟಕ್ ಟಕ್ ಎಂದು ನಿಗದಿತ ಜಾಗಕ್ಕೆ ಹೋಗಿ ಕೂರುವುದು ರೂಢಿಯಾಯಿತು. ಕೇಳುವುದಕ್ಕೂ ಕೈಗೂ ಹಿತ. ಆದರೆ ಆ ಲೆಕ್ಕಕ್ಕೆ ಲಿವರು, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್, ಕ್ಯಾಸೆಟ್ ಮೂರೂ ಒಂದೇ ಕುಲದವಾಗಿರಬೇಕು. ಒಂದು ಮುರಿದು ಇನ್ನೊಂದು ಕಂಪನಿಯದು ಸಿಕ್ಕರೆ ಪ್ರಯೋಜನವಿಲ್ಲ. ನನ್ನ ಲಿವರಿನಲ್ಲಿ ಆ ಮೆಟ್ಟಿಲುಗಳಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಚೈನಿನ ಸದ್ದು ಕೇಳಿ ಕೈ ತೀರ್ಮಾನಿಸುತ್ತದೆ. ಯಾವ ಡಿರೇಲರ್ ಸಿಕ್ಕರೂ, ಹಿಂದೆ ಐದೇ ಇರಲಿ ಒಂಬತ್ತೇ ಇರಲಿ, ಇದು ನಡೆಸಿಕೊಂಡು ಹೋಗುತ್ತದೆ. ಬ್ಯಾಟರಿಯಲ್ಲಿ ನಡೆಯುವ ಗೇರುಗಳು ಈಗ ಟೂರಿಂಗ್ ಸೈಕಲ್ಲಿಗೂ ಬಂದಿವೆ. ಅವುಗಳ ನಾಜೂಕು ಒಪ್ಪುತ್ತೇನೆ. ನನ್ನ ಪ್ರಶ್ನೆಗೆ ಅವು ಉತ್ತರ ಕೊಡುವುದಿಲ್ಲ.

ಬಾಟಮ್ ಬ್ರಾಕೆಟ್ಟಿಗೂ ಹಾಗೇ. ಬಿಡಿ ಬಾಲ್ಸ್ ತೆಗೆದು ಚೌಕ ತುದಿಯ ಸೀಲ್ಡ್ ಕಾರ್ಟ್ರಿಡ್ಜ್, ಅಂದರೆ ಬೇರಿಂಗು ಒಳಗೇ ಮುಚ್ಚಿರುವ ಡಬ್ಬಿ, ಹಾಕಿದೆ. ಇಂಗ್ಲಿಷ್ ಥ್ರೆಡ್ಡು, 68 ಮಿಲಿಮೀಟರ್ ಅಗಲ, ಇವತ್ತಿಗೂ ಲಕ್ಷಾಂತರ ಸೈಕಲ್ಲುಗಳಲ್ಲಿ ಅದೇ. ಬಿಚ್ಚುವಾಗ ಒಂದು ವಿಷಯ ನೆನಪಿರಲಿ. ಬಲಗಡೆಯ ಕಪ್ಪಿನ ಥ್ರೆಡ್ಡು ಉಲ್ಟಾ.

ಹೊಸದರಲ್ಲಿ ನನಗೆ ಅತಿ ಪ್ರಿಯವಾದದ್ದು ಮುಂದಿನ ಹಬ್ಬಿನೊಳಗಿನ ಡೈನಮೋ. ನಮ್ಮೂರಲ್ಲಿ ಟೈರಿಗೆ ಒರಗಿ ಗುಂಯ್‌ಗುಡುತ್ತಿದ್ದ ಬಾಟಲಿ ಡೈನಮೋ ಎಲ್ಲರಿಗೂ ಗೊತ್ತು. ಅದನ್ನು ಒತ್ತಿದ ತಕ್ಷಣ ಯಾರೋ ಹಿಂದಿನಿಂದ ಕ್ಯಾರಿಯರ್ ಹಿಡಿದೆಳೆದಷ್ಟು ಭಾರ, ಮಳೆ ಬಂದರೆ ಜಾರುತ್ತಿತ್ತು. ಹಬ್ಬಿನೊಳಗೇ ಡೈನಮೋ ಇಡುವ ಉಪಾಯವನ್ನು ನಾಟಿಂಗ್‌ಹ್ಯಾಮ್‌ನ ಸ್ಟರ್ಮಿ-ಆರ್ಚರ್ ಮೂವತ್ತರ ದಶಕದಲ್ಲೇ ಡೈನೋಹಬ್ ಎಂಬ ಹೆಸರಲ್ಲಿ ಮಾಡಿತ್ತು. ಆ ಕಾರ್ಖಾನೆ 2000ದಲ್ಲಿ ಮುಚ್ಚಿ, ಹೆಸರು ತೈವಾನಿನ ಸನ್‌ರೇಸ್ ಕಂಪನಿಗೆ ಹೋಯಿತು. ಈಗಿನ ಹಬ್ ಡೈನಮೋಗಳು 6 ವೋಲ್ಟ್, 3 ವಾಟ್. ಅಂದು ಆ ಮೂರು ವಾಟಿಗೆ ಮಂಕು ಹಳದಿ ಬಲ್ಬು ಉರಿಯುತ್ತಿತ್ತು. ಇಂದು ಅಷ್ಟೇ ವಿದ್ಯುತ್ತಿಗೆ ಎಲ್‌ಇಡಿ ದೀಪ ರಸ್ತೆಯ ಗುಂಡಿಯನ್ನು ದೂರದಿಂದಲೇ ತೋರಿಸುತ್ತದೆ, ಹಗಲಲ್ಲಿ ಅದೇ ತಂತಿ ಫೋನನ್ನು ನಿಧಾನಕ್ಕೆ ಚಾರ್ಜ್ ಮಾಡುತ್ತದೆ. ಬಾಗಿಲು ಹಾಕಿದ ಹೋಟೆಲಿನ ಮುಂದೆ ಪ್ಲಗ್ಗು ಹುಡುಕುವ ಪಾಡಿಲ್ಲ.

ಪೇಂಟು ಮುಟ್ಟಿಲ್ಲ. ಗೀರು ಬಿದ್ದ ಜಾಗದಲ್ಲಿ ತುಕ್ಕು ಒರೆಸಿ, ಕ್ರೋಮಿನ ಮೇಲಿನ ಚುಕ್ಕೆಗಳನ್ನು ಒದ್ದೆ ಅಲ್ಯೂಮಿನಿಯಂ ಫಾಯಿಲ್ಲಿನಿಂದ ಉಜ್ಜಿ, ಕೊಳವೆಗಳ ಒಳಗೆ ತುಕ್ಕು ಹಿಡಿಯದ ಹಾಗೆ ಮೇಣದೆಣ್ಣೆ ಹಾಯಿಸಿದ್ದೇನೆ. ತುಕ್ಕು ಫ್ರೇಮನ್ನು ಕೊಲ್ಲುವುದು ಒಳಗಿನಿಂದ. ಹೊರಗಿನ ಬಣ್ಣಕ್ಕೆ ಸುರಿಯುವ ದುಡ್ಡಿನ ಒಂದು ಪಾಲನ್ನು ಒಳಗಿನ ಎಣ್ಣೆಗೆ ಹಾಕಿದರೆ ಫ್ರೇಮು ನಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ. ಸೀಟು ಬ್ರೂಕ್ಸ್ ಬಿ17, ಹಳೆಯದೇ. 1890ರ ದಶಕದಿಂದ ಬರುತ್ತಿರುವ ಚರ್ಮದ ಸೀಟಿನ ಮಾದರಿ ಅದು. ಹಿಂದಿನವರ ಮೈಗೆ ಹೊಂದಿದ್ದ ಚರ್ಮ ನನಗೆ ಒಗ್ಗಲು ಸಮಯ ಹಿಡಿಯಿತು, ಈಗ ಬೇರೆ ಸೀಟು ಬೇಡ. ಒಟ್ಟು ಖರ್ಚು ಹೊಸ ಟೂರಿಂಗ್ ಸೈಕಲ್ಲಿನ ಬೆಲೆಯ ಅರ್ಧ ದಾಟಿತು. ಉಳಿತಾಯಕ್ಕೆಂದು ಯಾರೂ ಈ ಕೆಲಸಕ್ಕೆ ಇಳಿಯಬಾರದು. ಆದರೆ ಈ ಸೈಕಲ್ಲಿನ ಒಂದೊಂದು ನಟ್ಟೂ ನನ್ನ ಕೈ ದಾಟಿ ಹೋಗಿದೆ, ಯಾವುದು ಕೆಟ್ಟರೂ ಯಾವ ಪಾನ ತೆಗೆಯಬೇಕೆಂದು ಗೊತ್ತು. ಒಬ್ಬಳೇ ದೂರ ಹೋಗುವವಳಿಗೆ ಅದು ಬಹಳ ದೊಡ್ಡ ಧೈರ್ಯ.

ಜನವರಿಯಲ್ಲಿ ಇದನ್ನು ಪೆಟ್ಟಿಗೆಗೆ ತುಂಬಿಕೊಂಡು ಊರಿಗೆ ಹೋಗುತ್ತಿದ್ದೇನೆ. ಕಡೂರಿನಿಂದ ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. ಹೊರಡುವ ಮುಂಚೆ ಎರಡು ದಿನ ಚಿಕ್ಕಪ್ಪನ ಅಂಗಡಿಯಲ್ಲೇ ಬಿಚ್ಚಿ ಜೋಡಿಸಬೇಕೆಂದು ಮಾತಾಗಿದೆ. ಫೋಟೊಗಳನ್ನೆಲ್ಲ ದೊಡ್ಡದು ಮಾಡಿ ನೋಡಿದ್ದಾನೆ. ದಾರ ಕಟ್ಟಿದ ಫೋಟೊ ಅವನಿಗೆ ಬಹಳ ಹಿಡಿಸಿದೆ. ಒಂದೇ ಒಂದು ತಕರಾರು, ಸ್ಟ್ಯಾಂಡ್ ಇಲ್ಲ. "ಸೈಕಲ್ ಅಂದ್ಮೇಲೆ ನಿಂತ್ಕೋಬೇಕು ಪುಟ್ಟಿ, ಪ್ರತಿ ಊರಲ್ಲೂ ಗೋಡೆ ಹುಡುಕ್ತಾ ಹೋಗ್ತೀಯಾ?" ಅಂತ ಕೇಳುತ್ತಾನೆ. ಈ ತೆಳ್ಳನೆಯ ಕೊಳವೆಗಳಿಗೆ ಸ್ಟ್ಯಾಂಡಿನ ಕ್ಲಾಂಪು ಬಿಗಿದರೆ ನೆಗ್ಗುತ್ತದೆ, ಅಗಲಿಸಿದ ಫೋರ್ಕಿನ ಮೇಲೆ ಆ ಒತ್ತಡ ಬೇಡವೆಂದು ನಾನು. ಕೊಳವೆಗೆ ಹಳೇ ಟ್ಯೂಬಿನ ರಬ್ಬರು ದಪ್ಪಗೆ ಸುತ್ತಿ, ಮೇಲೆ ಅಗಲದ ಪಟ್ಟಿ ಕೊಟ್ಟು ಕೂರಿಸಿದರೆ ಏನೂ ಆಗುವುದಿಲ್ಲವೆಂದು ಅವನು. ಹರ್ಕ್ಯುಲಿಸ್ಸಿನ ಹಳೇ ಸ್ಟ್ಯಾಂಡೊಂದನ್ನು ಉಜ್ಜಿ, ಎಣ್ಣೆ ಹಾಕಿ ಎತ್ತಿಟ್ಟಿದ್ದಾನಂತೆ. ಕೊಳವೆಯ ವ್ಯಾಸ ಎಷ್ಟೆಂದು ನಿನ್ನೆ ಮತ್ತೆ ಮೆಸೇಜು ಮಾಡಿದ್ದ. ಅಳೆದು ಕಳಿಸಿದ್ದೇನೆ.